ಇಎಫ್ 60 ಅಂದರೆ ನೂರಕ್ಕೆ ಅರವತ್ತು ಅಂಕವಲ್ಲ

ಪುಣೆಯಲ್ಲಿ ಎಕೋ ಮಾಡುವ ನನಗೆ ಕನ್ನಡದವರು ಸಿಕ್ಕರೆ ಎರಡು ಕೆಲಸ. ಒಂದು, ಅವರ ಹೃದಯ ನೋಡುವುದು. ಇನ್ನೊಂದು, ಊರಿನಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಅಪ್ಪನದೋ ಅಮ್ಮನದೋ ರಿಪೋರ್ಟ್ ಓದುವುದು. ಪ್ರಶ್ನೆ ಬಹುತೇಕ ಒಂದೇ: ‘ಡಾಕ್ಟ್ರೇ, ಅಪ್ಪಂದು ಇಎಫ್ 60 ಅಂತ ಬಂದಿದೆ. ಉಳಿದ 40 ಹೋಯ್ತಾ?’

ಏನೂ ಹೋಗಿಲ್ಲ. ಹೃದಯದ ಎಡ ಕೆಳಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಎಂಬುದೇ ಇಎಫ್, ಅಂದರೆ ಎಜೆಕ್ಷನ್ ಫ್ರಾಕ್ಷನ್. ಆರೋಗ್ಯವಂತರಲ್ಲೂ ಆ ಕೋಣೆ ಪೂರ್ತಿ ಖಾಲಿಯಾಗುವುದಿಲ್ಲ. ಅಮೆರಿಕ ಮತ್ತು ಯುರೋಪಿನ ಎಕೋ ತಜ್ಞರ ಸಂಘಗಳ 2015ರ ಮಾರ್ಗಸೂಚಿಯಂತೆ ಗಂಡಸರಿಗೆ ಶೇ 52ರಿಂದ 72, ಹೆಂಗಸರಿಗೆ ಶೇ 54ರಿಂದ 74 ಸಹಜ. ಅದಕ್ಕಿಂತ ಕೆಳಗೆ ಶೇ 41ರವರೆಗೆ ಅಲ್ಪ ಇಳಿಕೆ, ಶೇ 30ರಿಂದ 40 ಮಧ್ಯಮ, 30ಕ್ಕೂ ಕಡಿಮೆಯಾದರೆ ತೀವ್ರ.

ಊರಿನಲ್ಲಿ 60 ಇದ್ದದ್ದು ಇಲ್ಲಿ 55 ಬಂದರೆ ಗಾಬರಿ ಬೇಡ. ಅಳೆಯುವ ಕೈ, ಚಿತ್ರದ ಸ್ಪಷ್ಟತೆ ಬದಲಾದರೆ ಐದು ಅಂಕಿ ಆಚೀಚೆ ಆಗುವುದು ಮಾಮೂಲು.

ಈಗ ಕೆಲವು ರಿಪೋರ್ಟ್‌ಗಳಲ್ಲಿ ‘ಜಿಎಲ್‌ಎಸ್ –20’ ಎಂದೂ ಇರುತ್ತದೆ. ಮೈನಸ್ ಕಂಡು ಬೆಚ್ಚಬೇಡಿ. ಬಡಿತದ ವೇಳೆ ಹೃದಯದ ಸ್ನಾಯು ಉದ್ದಕ್ಕೆ ಸುಮಾರು ಐದನೇ ಒಂದರಷ್ಟು ಕುಗ್ಗುತ್ತದೆ. ಕುಗ್ಗುವುದಕ್ಕೆ ಮೈನಸ್ ಗುರುತು. ಆರೋಗ್ಯವಂತರಲ್ಲಿ ಇದು –20ರ ಆಸುಪಾಸು. ಯಂತ್ರದ ಕಂಪನಿ ಬದಲಾದರೆ ಅಂಕಿಯೂ ಕೊಂಚ ಬದಲಾಗುತ್ತದೆ. ಹೃದಯಕ್ಕೆ ಪೆಟ್ಟು ಕೊಡಬಲ್ಲ ಕೆಲವು ಕ್ಯಾನ್ಸರ್ ಔಷಧಿ ಪಡೆಯುವವರಿಗೆ ಇದು ಬಹಳ ಮುಖ್ಯ. ಇಎಫ್ ಇಳಿಯುವ ಮೊದಲೇ ಜಿಎಲ್‌ಎಸ್ –20ರಿಂದ –16ಕ್ಕೆ ಬಂದು ಎಚ್ಚರಿಸಬಹುದು. ಹಾಗಾಗಿ ಕಿಮೊ ಶುರುವಾಗುವ ಮುನ್ನ ಒಂದು ಎಕೋ, ನಂತರದವೂ ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ ಆಗಬೇಕು.

‘ಸಹಜ’ ಎಂಬುದು ಯಾರನ್ನು ಅಳೆದು ಹೇಳಿದ್ದು ಎಂಬ ಪ್ರಶ್ನೆಯೂ ಇದೆ. ಭಾರತವೂ ಸೇರಿ 15 ದೇಶಗಳ ಆರೋಗ್ಯವಂತರನ್ನು ಒಂದೇ ಕ್ರಮದಲ್ಲಿ ಅಳೆದ ‘ವೇಸ್’ ಅಧ್ಯಯನದಲ್ಲಿ ಎಡ ಕೆಳಕೋಣೆಯ ಗಾತ್ರ ಅತಿ ಚಿಕ್ಕದಿದ್ದದ್ದು ಭಾರತೀಯರಲ್ಲಿ. ಸಣ್ಣ ಮೈಕಟ್ಟಿನ ನಮ್ಮ ಅಮ್ಮಂದಿರ ಹೃದಯವನ್ನು ಪರದೇಶದ ಪಟ್ಟಿಗೆ ಮಾತ್ರ ಹೋಲಿಸಿದರೆ, ಹಿಗ್ಗಿದ ಕೋಣೆಯೂ ಸಹಜದಂತೆ ಕಾಣಬಹುದು.

ದೂರದಲ್ಲಿರುವ ನಾವು ಮಾಡುವ ದೊಡ್ಡ ಅನ್ಯಾಯ ಬೇರೆಯೇ ಇದೆ. ‘ಇಎಫ್ 60 ಇದೆಯಲ್ಲಮ್ಮಾ, ಏನೂ ಇಲ್ಲ, ವಯಸ್ಸು ಅಷ್ಟೇ’ ಎಂದು ಫೋನ್ ಇಟ್ಟುಬಿಡುತ್ತೇವೆ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರಲ್ಲಿ ಸ್ನಾಯು ಬಿರುಸಾಗಿ, ಹಿಂಡುವ ಶಕ್ತಿ ಸರಿಯಿದ್ದೂ ಸಡಿಲಗೊಂಡು ತುಂಬಿಕೊಳ್ಳುವ ಶಕ್ತಿ ಕುಂದಬಹುದು. ಇಎಫ್ ಸಹಜವಿದ್ದೇ ಬರುವ ಹೃದಯ ವೈಫಲ್ಯ ಅಪರೂಪವೇನಲ್ಲ.

ಇಂದು ರಾತ್ರಿ ಫೋನ್ ಮಾಡಿದಾಗ ಅಂಕಿ ಬಿಟ್ಟು ಇದನ್ನು ಕೇಳಿ: ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಮಲಗಲು ದಿಂಬು ಹೆಚ್ಚು ಬೇಕಾಗಿದೆಯೇ? ಸಂಜೆ ಪಾದ ಊದುತ್ತದೆಯೇ? ಹೌದು ಎಂದರೆ, ರಿಪೋರ್ಟ್ ಏನೇ ಹೇಳಲಿ, ಹಳೆಯ ಎಕೋಗಳೆಲ್ಲ ಹಿಡಿದು ವೈದ್ಯರಲ್ಲಿಗೆ ಹೋಗಲು ಹೇಳಿ.