ಮೊದಲ ಸೇರಿನ ಹೆಸರು ‘ಲಾಭ’

ನಮ್ಮ ನವಲಗುಂದದ ಕಡೆ ಹಿರಿಯರು ಕಣದಲ್ಲಿ ಜೋಳ ಅಳೆಯುವಾಗ ‘ಒಂದು’ ಎಂದು ಎಣಿಕೆ ಶುರು ಮಾಡುವುದಿಲ್ಲ. ಮೊದಲ ಸೇರನ್ನು ಚೀಲಕ್ಕೆ ಸುರಿಯುತ್ತ ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು, ನಾಲ್ಕು. ಕಂಪ್ಯೂಟರ್ ಸೈನ್ಸ್ ಓದುವ ನಮಗೆ ಇದು ಅಂಥ ವಿಚಿತ್ರವೇನಲ್ಲ. ಅರೇಯಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಅವತ್ತು ಅರ್ಧ ಕ್ಲಾಸು ತಲೆ ಕೆರೆದುಕೊಂಡರೆ ನನಗೆ ನಗು ಬಂದಿತ್ತು. ನಮ್ಮ ಅಮ್ಮನ ಲೆಕ್ಕದಲ್ಲೂ ‘ಒಂದು’ ಇರಲಿಲ್ಲ.

ಅಮ್ಮ ಎಂದರೆ ಅಜ್ಜಿ. ಧಾರವಾಡ ಸೀಮೆಯ ನಮ್ಮಂಥ ಮನೆಗಳಲ್ಲಿ ಹೆತ್ತವಳು ಅವ್ವ, ಅಪ್ಪನ ತಾಯಿ ಅಮ್ಮ. ಊರಿನ ಉಳಿದವರು ‘ಲಾಭ’ ಎಂದು ಬಾಯಲ್ಲಿ ಹೇಳಿ ಆ ಸೇರನ್ನೂ ತಮ್ಮ ಚೀಲಕ್ಕೇ ಸುರಿದುಕೊಳ್ಳುತ್ತಿದ್ದರು. ಅಮ್ಮ ಹಾಗಲ್ಲ. ಪ್ರತಿ ಚೀಲದ ಮೊದಲ ಸೇರನ್ನು ಪಕ್ಕದ ಬೇರೊಂದು ಚೀಲಕ್ಕೆ ಹಾಕಿ, ಆಮೇಲೆ ‘ಎರಡು’ ಎನ್ನುತ್ತಿದ್ದಳು. ಆ ಬೇರೆ ಚೀಲ ದೇವರ ಜಗಲಿಯ ಪಕ್ಕ ಗೋಡೆಗೆ ಒರಗಿ ಕೂತಿರುತ್ತಿತ್ತು. ಗಿರಣಿಗೆ ಜೋಳ ಒಯ್ಯುವ ಪ್ರತಿ ಸಲವೂ ಮನೆಯ ಪಾಲಿನಿಂದ ಒಂದು ಬೊಗಸೆ ತೆಗೆದು ಅದಕ್ಕೆ ಸೇರಿಸುತ್ತಿದ್ದಳು. ಅದರ ಹೆಸರೇ ಲಾಭದ ಚೀಲ. ಅದರೊಳಗಿನ ಕಾಳು ನಮ್ಮ ಮನೆಯ ಒಲೆಗೆ ಬರುವಂತಿರಲಿಲ್ಲ.

ಅಮ್ಮನ ತವರು ಕುಂದಗೋಳ ತಾಲ್ಲೂಕು. ಮೆಣಸಿನಕಾಯಿ, ಹತ್ತಿ ಬೆಳೆಯುವ ಎರೆಭೂಮಿ. ಹದಿನೈದು ತುಂಬುವುದರೊಳಗೆ ಮದುವೆಯಾಗಿ ಬೆಣ್ಣಿಹಳ್ಳದ ದಂಡೆಯ ನಮ್ಮೂರಿಗೆ ಬಂದಳು. ಶಾಲೆಯ ಕಟ್ಟೆ ಹತ್ತಲಿಲ್ಲ. ಐದು ಮಕ್ಕಳನ್ನು ಹೆತ್ತು ನಾಲ್ವರನ್ನು ಉಳಿಸಿಕೊಂಡಳು. 1972ರ ಬರದಲ್ಲಿ ಮೊದಲು ಎತ್ತು, ಆಮೇಲೆ ಬಂಗಾರ ಮಾರಿ ಮಕ್ಕಳನ್ನು ಬದುಕಿಸಿದಳು ಎಂದು ಅಪ್ಪ ಹೇಳುತ್ತಾನೆ. ಆ ಬರದಲ್ಲಿ ಯಾರೋ ಒಬ್ಬಾಕೆ ರಾತ್ರಿ ಹಿತ್ತಲ ಬಾಗಿಲಿಗೆ ಬಂದು ಎರಡು ಸೇರು ಜೋಳ ಇಟ್ಟು ಹೋದಳಂತೆ. ಯಾರೆಂದು ಅಮ್ಮ ಕೊನೆವರೆಗೂ ಹೇಳಲಿಲ್ಲ. ಲಾಭದ ಚೀಲ ಶುರುವಾದದ್ದು ಅದರ ಮುಂದಿನ ಸುಗ್ಗಿಯಲ್ಲಿ.

ಆ ಚೀಲದಿಂದ ಒಯ್ದವರು ಎರಡು ಬಗೆ. ಮಠದ ದಾಸೋಹಕ್ಕೆ, ಶ್ರಾವಣದ ಪುರಾಣಕ್ಕೆ, ಬಾಣಂತಿಯರಿಗೆ ಕೊಟ್ಟದ್ದು ಕೊಟ್ಟದ್ದೇ. ಉಳಿದವರಿಗೆ ಕೈಗಡ. ಸುಗ್ಗಿ ಬಂದಾಗ ತಿರುಗಿ ಕೊಡಬೇಕು, ಬಡ್ಡಿ ಇಲ್ಲ. ‘ಪುಗಸಟ್ಟೆ ಕೊಟ್ರ ಮಂದಿ ಮುಂದಿನ ಸಲ ಬರಾಕ ನಾಚತಾರ. ಕಡಾ ಅಂದ್ರ ತಲಿ ಎತ್ತಿ ಬರತಾರ’ ಎನ್ನುತ್ತಿದ್ದಳು. ಅಡುಗೆಮನೆಯ ಗೋಡೆಯೇ ಅವಳ ಖಾತೆ ಪುಸ್ತಕ. ಇದ್ದಿಲಿನಿಂದ ಸೇರಿಗೊಂದು ಗೆರೆ. ತಿರುಗಿ ಬಂದರೆ ಅದರ ಮೇಲೆ ಅಡ್ಡಗೆರೆ. ಯಾರದೆಂದು ತಿಳಿಯಲು ಹೆಸರಿನ ಬದಲು ಗುರುತು: ಒಂದು ಕಡೆ ಬಳೆ, ಒಂದು ಕಡೆ ಬಾಚಣಿಗೆ, ಇನ್ನೊಂದು ಕಡೆ ಮೀನು. ‘ಇದು ಯಾರದು ಬೇ ಅಮ್ಮಾ?’ ಎಂದು ಕೇಳಿದರೆ, ‘ನಿನ್ನ ಸಾಲಿ ಲೆಕ್ಕ ನೀ ಮಾಡ, ನನ್ನ ಲೆಕ್ಕ ನಾ ಮಾಡತೀನಿ’ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಈಗ ಕ್ಲಾಸಿನಲ್ಲಿ ಡೇಟಾ ಪ್ರೈವಸಿ ಪಾಠ ಬಂದಾಗಲೆಲ್ಲ ಆ ಗೋಡೆ ನೆನಪಾಗುತ್ತದೆ.

ಅಮ್ಮನಿಗೆ ದೇವರು ದೂರದ ಸಂಗತಿ ಆಗಿರಲಿಲ್ಲ. ಬೆಳಗ್ಗೆ ಜಳಕ, ವಿಭೂತಿ, ಲಿಂಗಪೂಜೆ ಆಗದೆ ಚಹಾ ಮುಟ್ಟುತ್ತಿರಲಿಲ್ಲ. ಹುಬ್ಬಳ್ಳಿಗೆ ಬಂದರೆ ಬಜಾರಕ್ಕೆ ಹೋಗುವ ಮೊದಲು ಸಿದ್ಧಾರೂಢ ಮಠಕ್ಕೆ ಹೋಗಬೇಕು, ಅಲ್ಲಿ ಸಾಲಿನಲ್ಲಿ ಕೂತು ಉಣ್ಣಬೇಕು. ಮಾಘ ಮಾಸದಲ್ಲಿ ಉಳವಿ ಜಾತ್ರೆಗೆ ಹೊರಟ ಚಕ್ಕಡಿಗಳು ಕಂಡರೆ ರೊಟ್ಟಿ ಕಟ್ಟಿ ಕೊಡದೆ ಬಿಡುತ್ತಿರಲಿಲ್ಲ. ವಯಸ್ಸಿನಲ್ಲಿ ಅಜ್ಜನ ಜೊತೆ ತಾನೂ ಚಕ್ಕಡಿ ಏರಿ, ಹಳಿಯಾಳ, ದಾಂಡೇಲಿ ದಾಟಿ, ಕಾಡಿನ ದಾರಿಯಲ್ಲಿ ಚೆನ್ನಬಸವಣ್ಣನ ಸಮಾಧಿಗೆ ಹೋಗಿ ಬಂದವಳು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಯಮನೂರಿನ ಜಾತ್ರೆ. ಅಲ್ಲಿಯ ದೈವವನ್ನು ಒಬ್ಬರು ಚಾಂಗದೇವ ಎನ್ನುತ್ತಾರೆ, ಇನ್ನೊಬ್ಬರು ರಾಜಾಬಾಗಸವಾರ ಎನ್ನುತ್ತಾರೆ. ಇಬ್ಬರೂ ಅದೇ ಬೆಣ್ಣಿಹಳ್ಳದಲ್ಲಿ ಜಳಕ ಮಾಡುತ್ತಾರೆ. ಅಮ್ಮನಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ. ಅವಳ ತವರಿನ ತಾಲ್ಲೂಕಿನ ಕಳಸದ ಗೋವಿಂದಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯನೆಂದು ಒಪ್ಪಿಕೊಂಡ ಕಥೆಯನ್ನು ಅವಳು ನೆರೆಮನೆಯ ಸುದ್ದಿಯಂತೆ ಹೇಳುತ್ತಿದ್ದಳು.

ಅವಳು ಹೆಚ್ಚು ಸಲ ಹೇಳಿದ್ದು ಆಯ್ದಕ್ಕಿ ಲಕ್ಕಮ್ಮನ ಕಥೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಇಷ್ಟು ನಮಗೆ ಬೇಡ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ತಿರುಗಿ ಕಳಿಸುತ್ತಾಳೆ. ನಾನು ಸಣ್ಣವಳಿದ್ದಾಗ ಇದು ನನಗೆ ಅರ್ಥವೇ ಆಗುತ್ತಿರಲಿಲ್ಲ. ಬಡವರು ಅಕ್ಕಿಯನ್ನು ಯಾಕೆ ವಾಪಸ್ ಕೊಡಬೇಕು? ‘ದೊಡ್ಡಾಕಿ ಆದಾಗ ತಿಳೀತೈತಿ ತಗೋ’ ಎಂದು ಅಮ್ಮ ಕೌದಿ ಹೊಲಿಯುತ್ತ ಕೂಡುತ್ತಿದ್ದಳು.

ಮನೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲೊಂದಿದೆ. ಅಮ್ಮನ ಚೊಚ್ಚಲ ಬಾಣಂತನಕ್ಕೆ ತವರಿನವರು ಕೊಟ್ಟದ್ದು. ಸಾಗುವಾನಿ ಕಟ್ಟಿಗೆ, ಮೇಲೆ ದೇವರ ಚಿತ್ರಗಳು. ಇಂಥ ತೊಟ್ಟಿಲು ಕೊಳ್ಳುವುದು ಎಲ್ಲರ ಕೈಲಾಗುವ ಮಾತಲ್ಲ. ಹಾಗಾಗಿ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹೆಸರಿಡುವ ದಿನಕ್ಕೆ ನಮ್ಮ ತೊಟ್ಟಿಲು ಅಲ್ಲಿಗೆ ಹೋಗುತ್ತಿತ್ತು. ನಾನು, ನನ್ನ ಅಪ್ಪ, ಓಣಿಯ ಅರ್ಧ ಮಂದಿ ಅದರಲ್ಲೇ ಮಲಗಿ ಬೆಳೆದವರು. ಆ ತೊಟ್ಟಿಲಿನ ಚಿತ್ರಗಳ ಬಣ್ಣ ಸವೆದದ್ದು ಒಳಗಿನ ಕೂಸುಗಳಿಂದಲ್ಲ, ಹೊತ್ತೊಯ್ದವರ ಕೈಗಳಿಂದ.

ಇಷ್ಟೆಲ್ಲ ಕೊಟ್ಟವಳು ಯಾರು ಕೇಳಿದರೂ ಕೊಡುವವಳು ಎಂದು ತಿಳಿಯಬೇಡಿ. 1980ರ ಮಾತು ಬಂದರೆ ಅವಳ ದನಿಯೇ ಬದಲಾಗುತ್ತಿತ್ತು. ಮಲಪ್ರಭಾ ಕಾಲುವೆಯ ರೈತರ ಮೇಲೆ ಸರ್ಕಾರ ಹೇರಿದ ಬೆಟರ್‌ಮೆಂಟ್ ಲೆವಿ ವಿರುದ್ಧ ಆ ವರ್ಷ ನಮ್ಮ ತಾಲ್ಲೂಕು ಎದ್ದು ನಿಂತಿತ್ತು. ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ಇಂದಿಗೂ ಪ್ರತಿ ವರ್ಷ ಆ ದಿನ ರೈತರು ಹುತಾತ್ಮರ ನೆನಪಿನಲ್ಲಿ ಸೇರುತ್ತಾರೆ. ಅವತ್ತು ಅಜ್ಜನೂ ನವಲಗುಂದಕ್ಕೆ ಹೋಗಿದ್ದ. ಹೊಲದ ದಾರಿ ಹಿಡಿದು ಓಡಿ ಬಂದವರು ನಮ್ಮೂರು ಮುಟ್ಟಿದಾಗ ಕತ್ತಲಾಗಿತ್ತು. ಯಾವ ಊರಿನವರು ಎಂದು ಕೇಳದೆ ಅಮ್ಮ ರಾತ್ರಿಯಿಡೀ ರೊಟ್ಟಿ ಬಡಿದಳಂತೆ. ಅಜ್ಜ ಬಂದದ್ದು ಮರುದಿನ. ‘ಕೊಡೂದು ಬ್ಯಾರೆ, ಕಸಗೊಳ್ಳೂದು ಬ್ಯಾರೆ’ ಎಂದು ಆ ಕಥೆ ಮುಗಿಸುತ್ತಿದ್ದಳು.

2019ರ ಆಗಸ್ಟ್ ನೆರೆಯನ್ನು ನಾನೇ ಕಂಡಿದ್ದೇನೆ. ಬೆಣ್ಣಿಹಳ್ಳ ಉಕ್ಕಿ ಕೆಳಗಿನ ಓಣಿಗೆ ನೀರು ನುಗ್ಗಿತು. ನಮ್ಮ ಮನೆ ಎತ್ತರದಲ್ಲಿದೆ. ಆರು ಮನೆಗಳವರು ನಮ್ಮ ಪಡಸಾಲೆಯಲ್ಲಿ, ದನದ ಕೊಟ್ಟಿಗೆಯಲ್ಲಿ ಉಳಿದುಕೊಂಡರು. ಲಾಭದ ಚೀಲ ಎರಡೇ ದಿನಕ್ಕೆ ಬರಿದಾಯಿತು. ಮೂರನೆಯ ದಿನ ಮೇಲಿನ ಓಣಿಯವರು ಒಬ್ಬೊಬ್ಬರಾಗಿ ಜೋಳ ತಂದು ಅದೇ ಚೀಲಕ್ಕೆ ಸುರಿದು ಹೋದರು. ಅಮ್ಮ ಯಾರನ್ನೂ ಕೇಳಿರಲಿಲ್ಲ. ಗೋಡೆಯ ಮೇಲೆ ಅವರ ಹಳೆಯ ಗೆರೆಗಳಿದ್ದವೋ ಏನೋ, ನನಗೆ ತಿಳಿಯದು.

ಅತ್ಯಂತ ಕಷ್ಟದ ಪರೀಕ್ಷೆ ಬಂದದ್ದು ಆಮೇಲೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನಮ್ಮ ಹೊಲದಲ್ಲಿ ಮುಂಗಾರಿನ ಹೆಸರು ಒಣಗಿತು, ಹಿಂಗಾರಿನ ಜೋಳ ಮೊಣಕಾಲುದ್ದಕ್ಕೆ ನಿಂತಿತು. 2024ರ ಬೇಸಿಗೆಯ ಹೊತ್ತಿಗೆ ಮನೆಯಲ್ಲಿ ಕಾಳು ತೀರಿತು. ಪೇಟೆಯಲ್ಲಿ ಜೋಳದ ದರ ಏರಿತ್ತು. ಅದೇ ಹೊತ್ತಿಗೆ ನನ್ನ ಕಾಲೇಜಿನ ಫೀ ಕಟ್ಟುವುದಿತ್ತು. ಅಪ್ಪ ಎರಡು ದಿನ ಒಳಗೂ ಹೊರಗೂ ತಿರುಗಾಡಿದ. ಮೂರನೆಯ ದಿನ ಲಾಭದ ಚೀಲದ ಮುಂದೆ ನಿಂತು, ‘ಯವ್ವಾ, ಈ ವರ್ಷ ಒಂದು ಇದನ್ನ ಬಳಸೂಣೇನು?’ ಎಂದ.

ಅವ್ವ, ನಾನು ಇಬ್ಬರೂ ಉಸಿರು ಬಿಗಿ ಹಿಡಿದು ನಿಂತಿದ್ದೆವು. ಅಮ್ಮ ಇಲ್ಲವೆಂದರೆ ಮಗನ ಮುಖ ಬಾಡುತ್ತದೆ, ಹೂಂ ಎಂದರೆ ಐವತ್ತು ವರ್ಷದ ನೇಮ ಮುರಿಯುತ್ತದೆ. ಅಮ್ಮ ಕೌದಿಯ ಸೂಜಿ ಕೆಳಗಿಟ್ಟಳು. ‘ಈ ವರ್ಷ ನಮ್ಮನಿನೂ ಇಲ್ಲದವರ ಮನಿನ ಹೌದಲ್ಲೋ ಯಪ್ಪಾ. ತಗೋ. ಆದ್ರ ಹಚ್ಚಿಟ್ಟು ತಗೋ’ ಎಂದಳು. ಎದ್ದು ಹೋಗಿ ಒಲೆಯಿಂದ ಒಂದು ಇದ್ದಿಲ ತುಂಡು ತೆಗೆದು ಗೋಡೆಯ ಮೇಲೆ ಸಣ್ಣದೊಂದು ತೊಟ್ಟಿಲು ಬರೆದಳು. ಅದು ನಮ್ಮ ಮನೆಯ ಗುರುತು. ಅದರ ಪಕ್ಕ ಹನ್ನೆರಡು ಗೆರೆ. ಹೀಗೆ ನಮ್ಮ ಅಪ್ಪ ತನ್ನ ತಾಯಿಗೇ ಸಾಲಗಾರನಾದ. ಅವತ್ತು ಉಂಡ ರೊಟ್ಟಿಯಲ್ಲಿ ಭಿಕ್ಷೆಯ ರುಚಿ ಇರಲಿಲ್ಲ. ಕೈಗಡದ ಬಗ್ಗೆ ಅಮ್ಮ ಹೇಳುತ್ತಿದ್ದ ಮಾತು ಅವತ್ತು ನಮ್ಮ ಮನೆಗೇ ಅನ್ವಯಿಸಿತು.

ಆ ವರ್ಷ ಮಳೆ ಚೆನ್ನಾಯಿತು. ಅಮ್ಮ ಹಿಂಗಾರಿ ಬಿತ್ತನೆ ನೋಡಿದಳು, ಬೆಳೆ ನೋಡಲಿಲ್ಲ. ದೀಪಾವಳಿ ಮುಗಿದ ಹದಿನೈದು ದಿನಕ್ಕೆ ಒಂದು ಬೆಳಗ್ಗೆ ಲಿಂಗಪೂಜೆ ಮುಗಿಸಿ ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಎಪ್ಪತ್ತೇಳೋ ಎಪ್ಪತ್ತೆಂಟೋ, ಹುಟ್ಟಿದ ದಿನ ಬರೆದಿಟ್ಟವರಿಲ್ಲ.

ಶಿವಗಣಾರಾಧನೆಯ ದಿನ ಊಟ ಮುಗಿದ ಮೇಲೆ ಕೆಲವರು ಹೋಗದೆ ಉಳಿದರು. ಒಬ್ಬ ಬಳೆಗಾರ್ತಿ ಸೆರಗಿನ ಗಂಟು ಬಿಚ್ಚಿ ಮೂರು ಸೇರು ಜೋಳ ಅಳೆದು ಚೀಲಕ್ಕೆ ಹಾಕಿದಳು. ಗೋಡೆಯ ಮೇಲಿನ ಬಳೆಯ ಗುರುತಿನ ಮುಂದೆ ಸರಿಯಾಗಿ ಮೂರು ಗೆರೆ ಇದ್ದವು. ಆಮೇಲೆ ನಾವು ಎಂದೂ ಸಾಲಗಾರರೆಂದು ಊಹಿಸದಿದ್ದ, ನಮಗಿಂತ ಹೆಚ್ಚು ಹೊಲ ಇರುವ ಮನೆಯವರೊಬ್ಬರು ಬಂದರು. ಯಾರೂ ಚೀಟಿ ತೋರಿಸಲಿಲ್ಲ, ಯಾರೂ ಸಾಕ್ಷಿ ಕೇಳಲಿಲ್ಲ. ಅವ್ವ ಒಂದೊಂದಕ್ಕೂ ಅಡ್ಡಗೆರೆ ಎಳೆದಳು.

ಮುಂದೆ ಫೆಬ್ರುವರಿಯಲ್ಲಿ ರಾಶಿಯಾಯಿತು. ಪರೀಕ್ಷೆ ಇದ್ದರೂ ಒಂದು ದಿನದ ಮಟ್ಟಿಗೆ ಹುಬ್ಬಳ್ಳಿಯಿಂದ ಊರಿಗೆ ಹೋಗಿದ್ದೆ. ಈಗ ರಾಶಿ ಮಾಡುವುದು ಮಷಿನ್, ತೂಗುವುದು ಎಲೆಕ್ಟ್ರಾನಿಕ್ ಕಾಟಾ. ಸೇರು ಬೇಕಾಗಿಯೇ ಇಲ್ಲ. ಆದರೂ ಅಪ್ಪ ಅಟ್ಟದ ಮೇಲಿಂದ ಅಮ್ಮನ ಹಿತ್ತಾಳೆಯ ಸೇರು ಇಳಿಸಿಕೊಂಡು ಬಂದ. ಮೊದಲು ಹನ್ನೆರಡು ಸೇರು ಅಳೆದು ಲಾಭದ ಚೀಲಕ್ಕೆ ಹಾಕಿದ. ಅದು ಸಾಲ. ಆಮೇಲೆ ಚೀಲಕ್ಕೊಂದು ಸೇರಿನಂತೆ ಬೇರೆ ಹಾಕಿದ. ಅದು ಲಾಭ. ಎರಡನ್ನೂ ಒಂದರಲ್ಲೇ ಮುಗಿಸಬಹುದಿತ್ತಲ್ಲ ಎಂದು ಚಿಕ್ಕಪ್ಪ ಅಂದಾಗ ಅಪ್ಪ, ‘ಅವ್ವಗ ಲೆಕ್ಕ ತಪ್ಪಿದ್ರ ಸೇರತಿದ್ದಿಲ್ಲ’ ಎಂದಷ್ಟೇ ಹೇಳಿದ.

ಈಗ ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಸೀಸನ್. ಹಾಸ್ಟೆಲ್ ತುಂಬ ಒಂದೇ ಮಾತು: ಪ್ಯಾಕೇಜ್ ಎಷ್ಟು, ಕೈಗೆ ಬರುವುದೆಷ್ಟು, ಉಳಿಯುವುದೆಷ್ಟು. ನಾನೂ ಅದೇ ಲೆಕ್ಕ ಹಾಕುತ್ತೇನೆ. ಮನೆಯ ಸಾಲವಿದೆ, ತಮ್ಮನ ಓದಿದೆ. ಎಲ್ಲ ತೀರಿ ಉಳಿದರೆ ಯಾರಿಗಾದರೂ ಕೊಡೋಣ ಎಂದುಕೊಳ್ಳುವುದು ಸುಲಭ. ಆದರೆ ಉಳಿದದ್ದು ಎಂಬುದು ನಮ್ಮ ಮನೆಯಲ್ಲಿ ಯಾವ ವರ್ಷವೂ ಇರಲಿಲ್ಲ. ಅಮ್ಮ ಕೊನೆಯಲ್ಲಿ ಉಳಿದದ್ದನ್ನು ಕೊಟ್ಟಿದ್ದರೆ ಏನೂ ಕೊಡುತ್ತಿರಲಿಲ್ಲ. ಮೊದಲೇ ತೆಗೆದಿಟ್ಟಳು, ಅದಕ್ಕೇ ಚೀಲ ತುಂಬಿತು. ಇಂಟರ್ನ್‌ಶಿಪ್‌ನ ಮೊದಲ ಸ್ಟೈಪೆಂಡ್ ಬಂದಾಗ ನಾನೂ ಒಂದು ಸಣ್ಣ ಮೊತ್ತವನ್ನು ಬೇರೆ ಇಟ್ಟೆ. ಹಾಸ್ಟೆಲ್‌ನಲ್ಲಿ ಪರೀಕ್ಷಾ ಶುಲ್ಕಕ್ಕೆ ಪರದಾಡುವವರು ಪ್ರತಿ ಸೆಮಿಸ್ಟರ್ ಇದ್ದೇ ಇರುತ್ತಾರೆ. ಕೊಟ್ಟದ್ದು ಕೈಗಡ, ಬಡ್ಡಿ ಇಲ್ಲ. ಹೆಸರು ಬರೆಯುವುದಿಲ್ಲ, ಗುರುತು ಹಾಕುತ್ತೇನೆ.

ಹೋದ ಯುಗಾದಿಗೆ ಅವ್ವ ಮನೆಗೆಲ್ಲ ಸುಣ್ಣ ಹಚ್ಚಿದಳು. ಅಡುಗೆಮನೆಯ ಆ ಒಂದು ಮೂಲೆ ಮಾತ್ರ ಬಿಟ್ಟಳು. ಮೀನಿನ ಮುಂದೆ ನಾಲ್ಕು, ಬಾಚಣಿಗೆಯ ಮುಂದೆ ಎರಡು, ಇನ್ನೂ ಏನೆಂದು ತಿಳಿಯದ ಗುರುತೊಂದರ ಮುಂದೆ ಐದು ಗೆರೆಗಳು ಹಾಗೇ ಇವೆ. ಯಾರವೆಂದು ನಮಗೆ ಗೊತ್ತಿಲ್ಲ. ‘ಅವರಿಗೆ ಅನುಕೂಲ ಆದಾಗ ಬರತಾರ’ ಎನ್ನುತ್ತಾಳೆ ಅವ್ವ.