ಘಟ್ಟ ಇಳಿದ ಹೈಬ್ರಿಡ್

ಶನಿವಾರ ಬೆಳಗಿನ ಗೊರಗುಂಟೆಪಾಳ್ಯ. ಪೀಣ್ಯದ ಲಾರಿಗಳು, ಊರಿಗೆ ಹೊರಟ ಕೆಂಪು ಬಸ್ಸುಗಳು, ಸಂದಿಯಲ್ಲಿ ಮೂತಿ ತೂರಿಸುವ ಆಟೊಗಳು. ಒಂದೂ ಮುಂದೆ ಹೋಗುತ್ತಿಲ್ಲ, ಎಲ್ಲವೂ ನಿಂತಲ್ಲೇ ಗುರುಗುಟ್ಟುತ್ತಿವೆ. ನಮ್ಮ ಕಾರಿನಲ್ಲಿ ಮಾತ್ರ ಸದ್ದಿಲ್ಲ. ಎಸಿ ತಣ್ಣಗೆ ಬೀಸುತ್ತಿದೆ. ಮುಂದಿನ ಲಾರಿ ನಾಲ್ಕು ಮಾರು ಸರಿದರೆ ಇದೂ ಸರಿಯುತ್ತದೆ. ಆಗ ಎದುರಿನ ಪರದೆಯಲ್ಲಿ ಬ್ಯಾಟರಿಯಿಂದ ಚಕ್ರದ ಕಡೆಗೆ ಪುಟ್ಟ ಬಾಣಗಳು ಓಡುತ್ತವೆ.

"ಪುಟ್ಟಿ, ಗಾಡಿ ಆಫ್ ಆಯ್ತಲ್ಲಮ್ಮ," ಎಂದರು ಪಕ್ಕದಲ್ಲಿ ಕೂತಿದ್ದ ಅಪ್ಪ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಚಾಲಕರಾಗಿ ನಿವೃತ್ತರಾದವರು. ಧರ್ಮಸ್ಥಳದ ರೂಟಿನಲ್ಲಿ ವರ್ಷಾನುಗಟ್ಟಲೆ ಬಸ್ಸು ಓಡಿಸಿದವರಿಗೆ ಎಂಜಿನ್ನಿನ ಸದ್ದೇ ಗಾಡಿಯ ನಾಡಿ. ಆ ಸದ್ದು ನಿಂತರೆ ಅವರ ಕಾಲು ತಾನಾಗಿ ಇಲ್ಲದ ಕ್ಲಚ್ಚನ್ನು ಹುಡುಕುತ್ತದೆ.

ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಬಂದ ಹೈರೈಡರ್ ಇದು, ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್. ಎಂಜಿನ್ ಸುಮ್ಮನಾಗಿರುವುದು ಕೆಟ್ಟಿದ್ದಕ್ಕಲ್ಲ, ಸದ್ಯ ಅದರ ಅಗತ್ಯವಿಲ್ಲದ್ದಕ್ಕೆ. ಎಸಿಯ ಕಂಪ್ರೆಸರ್ ಕೂಡ ಎಂಜಿನ್ನಿನ ಬೆಲ್ಟಿಗೆ ಜೋತುಬಿದ್ದಿಲ್ಲ, ಕರೆಂಟಿನಲ್ಲೇ ತಿರುಗುತ್ತದೆ. ಹಾಗಾಗಿ ಎಂಜಿನ್ ನಿಂತರೂ ತಂಪು ನಿಲ್ಲುವುದಿಲ್ಲ. "ಹಂಗಾದ್ರೆ ಬ್ಯಾಟರಿ ಮುಗಿದ್ರೆ ಇಲ್ಲೇ ನಿಲ್ಲೋದಾ?" ಎಂದು ಅವರು ಕೇಳುವಷ್ಟರಲ್ಲಿ ಬಾನೆಟ್ಟಿನಡಿ ಸಣ್ಣಗೆ ಗುಂಯ್ ಎಂದಿತು. ಬ್ಯಾಟರಿ ಒಂದು ಮಟ್ಟಕ್ಕೆ ಇಳಿಯುತ್ತಲೇ ಎಂಜಿನ್ ತಾನೇ ಎದ್ದು ಅದನ್ನು ತುಂಬತೊಡಗುತ್ತದೆ. "ನ್ಯೂಟ್ರಲ್‌ಗಾದ್ರೂ ಹಾಕು," ಎಂದರು. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಹಾಕುವುದು ನಮ್ಮ ರಸ್ತೆಗಳು ಕಲಿಸಿದ ಒಳ್ಳೆಯ ರೂಢಿ. ಈ ಗಾಡಿಗೆ ಮಾತ್ರ ಅದು ಒಗ್ಗದು. ನ್ಯೂಟ್ರಲ್‌ನಲ್ಲಿದ್ದರೆ ಎಂಜಿನ್ ತಿರುಗುತ್ತಿದ್ದರೂ ದೊಡ್ಡ ಬ್ಯಾಟರಿಗೆ ಚಾರ್ಜ್ ಹೋಗುವುದಿಲ್ಲ. ಗೇರ್ ಲಿವರನ್ನು ಡಿ-ಯಲ್ಲೇ ಇಟ್ಟು ಬ್ರೇಕ್ ಒತ್ತಿ ನಿಂತರಾಯಿತು.

ದೊಡ್ಡ ಬ್ಯಾಟರಿ ಎಂದೆ. ಅದು ಕೇವಲ 0.76 ಕಿಲೋವ್ಯಾಟ್ ಗಂಟೆಯದು, ಸಾಧಾರಣ ಎಲೆಕ್ಟ್ರಿಕ್ ಸ್ಕೂಟರಿನದಕ್ಕಿಂತಲೂ ಚಿಕ್ಕದು. ಬರೀ ಅದನ್ನು ನಂಬಿ ಹೆಚ್ಚು ದೂರ ಹೋಗಲಾಗದು. ಬ್ರೇಕ್ ಒತ್ತಿದಾಗ ಪೋಲಾಗುತ್ತಿದ್ದ ಶಕ್ತಿಯನ್ನು ಹಿಡಿದಿಟ್ಟು ಮರುಗಳಿಗೆಯೇ ಕೊಟ್ಟುಬಿಡುವುದೇ ಅದರ ಮುಖ್ಯ ಕೆಲಸ. ಗೃಹಿಣಿಯ ಸಾಸಿವೆ ಡಬ್ಬಿಯ ಚಿಲ್ಲರೆಯ ಹಾಗೆ, ಮೊತ್ತ ಸಣ್ಣದಾದರೂ ದಿನವಿಡೀ ಕೈ ಬದಲಾಗುತ್ತಲೇ ಇರುತ್ತದೆ.

ನೆಲಮಂಗಲ ದಾಟಿ ಹಾಸನದ ಹೆದ್ದಾರಿಗೆ ಬಿದ್ದೆವು. ರಸ್ತೆ ಹಾಸಿಗೆಯಂತಿತ್ತು. ಅಪ್ಪನ ಮುಖ ಅರಳಿತು, "ಈಗ ನೋಡು ಮೈಲೇಜು!" ಆದದ್ದು ತಿರುವುಮುರುವು. ನೂರರ ವೇಗದಲ್ಲಿ ಸಮನಾಗಿ ಓಡುವಾಗ ಬ್ರೇಕಿಗೆ ಕೆಲಸವಿಲ್ಲ, ಬ್ಯಾಟರಿಗೆ ಆದಾಯವಿಲ್ಲ. ದುಡಿಮೆಯೆಲ್ಲ ಪೆಟ್ರೋಲ್ ಎಂಜಿನ್ನಿನದೇ. ವಾಹನಗಳ ಪರೀಕ್ಷಾ ಸಂಸ್ಥೆ ಎಆರ್‌ಎಐಯ ಪರೀಕ್ಷೆಯಲ್ಲಿ ಲೀಟರಿಗೆ 27.97 ಕಿ.ಮೀ. ಎನ್ನಿಸಿಕೊಂಡ ಕಾರು ತನ್ನ ಜಾಣತನ ಮೆರೆಯುವುದು ಇಲ್ಲಲ್ಲ, ನಾವೆಲ್ಲ ಶಪಿಸುತ್ತ ಬಂದ ಆ ಗೊರಗುಂಟೆಪಾಳ್ಯದಲ್ಲಿ. ಇದನ್ನು ಷೋರೂಮಿನಲ್ಲಿ ಬಿಡಿಸಿ ಹೇಳುವವರು ಕಡಿಮೆ. ಹೇಳಲೇಬೇಕಾದ ಮಾತಿದು. ಪೆಟ್ರೋಲ್ ಮಾದರಿಗಿಂತ ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಕೊಳ್ಳುವವನ ದುಡ್ಡಿನ ಪ್ರಶ್ನೆ ಅದು.

ಹಾಸನದ ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಿದ್ದ ಹುಡುಗ ಕಾರನ್ನು ಒಂದು ಸುತ್ತು ಹಾಕಿದ. "ಮೇಡಂ, ಚಾರ್ಜಿಂಗ್ ಪಾಯಿಂಟ್ ಎಲ್ಲೈತೆ?" ಇಲ್ಲ ಎಂದರೆ ನಂಬಲೊಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಹೈಬ್ರಿಡ್ಡುಗಳ ಜಾತಿಯೇ ಬೇರೆ; ನಮ್ಮ ರಸ್ತೆಯಲ್ಲಿ ಹೆಚ್ಚಾಗಿ ಕಾಣುವವಕ್ಕೆ ಪೆಟ್ರೋಲೊಂದೇ ಆಹಾರ.

ಕೊಟ್ಟಿಗೆಹಾರದಲ್ಲಿ ಮಂಜು. ನೀರುದೋಸೆಯ ಹೋಟೆಲಿನ ಮುಂದೆ ಒದ್ದೆ ಛತ್ರಿಗಳ ಸಾಲು. ಪಕ್ಕದಲ್ಲಿ ಕಾರು ನಿಲ್ಲಿಸಿದವರೊಬ್ಬರು, "ನಮ್ದೂ ಹೈಬ್ರಿಡ್ಡೇ," ಎಂದು ಹಿಂಬದಿಯ ಹೆಸರುಪಟ್ಟಿ ತೋರಿಸಿದರು. ಅದು ಮೈಲ್ಡ್ ಹೈಬ್ರಿಡ್. ಹೊರಡುವಾಗ ಎಂಜಿನ್ನಿಗೆ ಒಂದು ಸಣ್ಣ ಹೆಗಲು ಕೊಡುತ್ತದೆ, ಮೋಟಾರೊಂದರಿಂದಲೇ ಚಕ್ರ ಉರುಳಿಸಲಾರದು. ಎರಡಕ್ಕೂ ಒಂದೇ ಹೆಸರಿಟ್ಟಿದ್ದು ಕೊಳ್ಳುವವರಿಗೆ ಮಾಡಿದ ಅನ್ಯಾಯ ಎಂದೇ ನನ್ನ ಎಣಿಕೆ. ಅವರ ಮುಂದಿನ ಪ್ರಶ್ನೆ ಎಲ್ಲರೂ ಕೇಳುವಂಥದ್ದು: "ಮೂರು ವರ್ಷಕ್ಕೆ ಬ್ಯಾಟರಿ ಹೋಗತ್ತಂತಲ್ಲ?" ಇದೇ ಟೊಯೊಟಾದ ಹೈಬ್ರಿಡ್ ಕಾರು ಪ್ರಿಯಸ್ ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಹಲವು ದೇಶಗಳಲ್ಲಿ ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ದುಡಿದ ಗಾಡಿ ಅದು. ಇಂಥ ಹೈಬ್ರಿಡ್ಡುಗಳ ಬ್ಯಾಟರಿಯನ್ನು ಕಂಪ್ಯೂಟರು ಪೂರ್ತಿ ತುಂಬಲೂ ಬಿಡದು, ಪೂರ್ತಿ ಬರಿದಾಗಲೂ ಬಿಡದು. ಬಾಳಿಕೆಯ ಗುಟ್ಟು ಮುಖ್ಯವಾಗಿ ಅಲ್ಲಿದೆ. ನಮ್ಮದಕ್ಕೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿಯಿದೆ. ಬ್ಯಾಟರಿ ಬಯಸುವುದು ಗಾಳಿಯನ್ನು. ಹಲವು ಹೈಬ್ರಿಡ್ಡುಗಳಲ್ಲಿ ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಹೋಗುವ ಜಾಲರಿಯಿರುತ್ತದೆ. ಅದಕ್ಕೆ ಚೀಲ, ಶಾಲು ಒತ್ತರಿಸಬಾರದು, ಧೂಳು ಕಟ್ಟಲು ಬಿಡಬಾರದು.

ಚಾರ್ಮಾಡಿ ಶುರುವಾಯಿತು. ಬಲಕ್ಕೆ ಬಂಡೆಯಿಂದ ಜಾರುವ ಬಿಳಿ ನೀರಿನ ಎಳೆಗಳು, ಎಡಕ್ಕೆ ಮಂಜು ತುಂಬಿದ ಕಣಿವೆ, ತಡೆಗೋಡೆಯ ಮೇಲೆ ಮರಿ ಕಟ್ಟಿಕೊಂಡ ಕೋತಿಗಳು. ತಿರುವಿನಲ್ಲಿ ಮೇಲೇರುವ ಬಸ್ಸಿಗೆ ದಾರಿ ಬಿಟ್ಟು ಇಳಿಯುತ್ತಿದ್ದೆವು. ಪರದೆಯ ಬಾಣಗಳು ಈಗ ಚಕ್ರದಿಂದ ಬ್ಯಾಟರಿಯ ಕಡೆಗೆ. ಲಿವರನ್ನು ಡಿ-ಯಿಂದ, ಇಳಿಜಾರಿನಲ್ಲಿ ಹಿಡಿತ ಹೆಚ್ಚಿಸುವ ಬಿ-ಗೆ ಎಳೆದೆ. ನಾಲ್ಕಾರು ತಿರುವುಗಳಲ್ಲಿ ಬ್ಯಾಟರಿ ತನ್ನ ಮಿತಿ ಮುಟ್ಟಿತು. ಇದ್ದಕ್ಕಿದ್ದಂತೆ ಎಂಜಿನ್ ಜೋರಾಗಿ ಕೂಗತೊಡಗಿತು.

ಹಿಂದಿನಿಂದ ಅಮ್ಮ, "ಅಯ್ಯೋ, ಇಳಿಜಾರಲ್ಲೂ ಪೆಟ್ರೋಲ್ ಕುಡೀತಿದ್ಯಲ್ಲೇ!" ಎಂದರು.

ಉತ್ತರ ಕೊಟ್ಟವರು ಅಪ್ಪ. "ಕುಡೀತಿಲ್ಲ ಕಣೇ, ಗಾಡೀನ ಹಿಡ್ಕೊಂಡಿದೆ. ನಾವು ಸೆಕೆಂಡ್ ಗೇರಲ್ಲಿ ಬಸ್ ಇಳಿಸ್ತಿರಲಿಲ್ವಾ? ಏರಿದ ಗೇರಲ್ಲೇ ಇಳೀಬೇಕು, ಬ್ರೇಕ್ ನಂಬ್ಕೊಂಡು ಇಳೀಬಾರ್ದು. ಇದೂ ಅದನ್ನೇ ಮಾಡ್ತಿದೆ."

ಅಪ್ಪ ಹೇಳಿದ್ದು ಅಕ್ಷರಶಃ ಸರಿ. ಮಿತಿ ಮುಟ್ಟಿದ ಬ್ಯಾಟರಿ ಇನ್ನು ಶಕ್ತಿ ನುಂಗಲಾರದೆಂದು ಕಂಪ್ಯೂಟರು ಎಂಜಿನ್ನನ್ನು ಪೆಟ್ರೋಲ್ ಕೊಡದೆ ಬರಿದೇ ತಿರುಗಿಸಿ ವೇಗಕ್ಕೆ ಲಗಾಮು ಹಾಕುತ್ತದೆ. ಘಟ್ಟದಲ್ಲಿ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಜಾರುವವರಿಗೆ ಇದರಲ್ಲಿ ಎರಡು ನಷ್ಟ: ಈ ಹಿಡಿತವೂ ಇಲ್ಲ, ಬ್ಯಾಟರಿಗೆ ಬರಬೇಕಿದ್ದ ಶಕ್ತಿಯೂ ಇಲ್ಲ. ಮುಂದಿನ ತಿರುವುಗಳಲ್ಲೆಲ್ಲ ಅಪ್ಪ ನನಗಿಂತ ಮೊದಲೇ ಪರದೆ ನೋಡಿ, "ಈಗ ಕೂಗತ್ತೆ ನೋಡು," ಎನ್ನುತ್ತಿದ್ದರು.

ಉಜಿರೆಯಲ್ಲಿ ಮಳೆ ದಪ್ಪವಾಯಿತು. ನೀರು ತಾಗಿದರೆ ಶಾಕ್ ಹೊಡೆಯುತ್ತದೆಯೇ ಎಂದು ಅಮ್ಮ ಕಾಲು ಮೇಲಿಟ್ಟುಕೊಂಡರು. ಹೆಚ್ಚು ವೋಲ್ಟೇಜಿನ ತಂತಿಗಳೆಲ್ಲ ದಪ್ಪ ಕಿತ್ತಳೆ ಹೊದಿಕೆಯೊಳಗಿವೆ, ಕಾರಿನ ಮೈಗೆ ಅವುಗಳ ನಂಟಿಲ್ಲ. ಮಳೆಗೂ ತೊಳೆಯುವುದಕ್ಕೂ ಅಂಜಬೇಕಿಲ್ಲ. ಆ ತಂತಿಗಳನ್ನು ತರಬೇತಿಯಿಲ್ಲದ ಮೆಕ್ಯಾನಿಕ್ ಮುಟ್ಟಬಾರದು, ಅಷ್ಟೆ.

ಚಹಾ ಕುಡಿಯುತ್ತ ಅಪ್ಪ ಕೇಳಿದರು, "ನಮ್ಮ ಬೀದಿ ಮೇಷ್ಟ್ರು ಇದನ್ನೇ ತಗೋತೀನಿ ಅಂತಿದಾರೆ. ಏನು ಹೇಳಲಿ?"

ಮೇಷ್ಟರ ಕಾರು ತಿಂಗಳಿಗೊಮ್ಮೆ ಹಾಸನದ ತೋಟಕ್ಕೆ ಹೆದ್ದಾರಿಯಲ್ಲಿ ಹೋಗಿಬರುತ್ತದೆ, ಉಳಿದ ದಿನ ಹೊದಿಕೆಯಡಿ ನಿಂತಿರುತ್ತದೆ. ಹಾಗೆ ನಿಂತೇ ಇದ್ದರೆ ಹೈಬ್ರಿಡ್‌ನಲ್ಲೂ ಇರುವ ಮಾಮೂಲಿ 12 ವೋಲ್ಟ್ ಬ್ಯಾಟರಿ ಇಳಿದು, ಗಾಡಿ ಹೊರಡದೇ ಹೋಗಬಹುದು. ಕೊಟ್ಟ ಹೆಚ್ಚಿನ ದುಡ್ಡೂ ಪೆಟ್ರೋಲಿನಲ್ಲಿ ಹಿಂದೆ ಬಾರದು.

"ಅವರಿಗೆ ಬೇಡ ಅಂತೀನಿ," ಎಂದರು ಅಪ್ಪ ಲೋಟ ಕೆಳಗಿಡುತ್ತ. "ನಿಮ್ಮಣ್ಣನಿಗೆ ನೀನೇ ಫೋನ್ ಮಾಡು. ದಿನಾ ವೈಟ್‌ಫೀಲ್ಡ್‌ಗೆ ಹೋಗೋನು ಅವನು."