ಸ್ಥಳಾಂತರಿಸಬಹುದಾದ ವಿದ್ಯುತ್ ಬೇಲಿ ಮತ್ತು ಸರದಿ ಮೇಯಿಸುವಿಕೆ: ಕೊಳ್ಳೇಗಾಲ ಸೀಮೆಯ ದೃಷ್ಟಿಯಿಂದ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕಾಡಂಚಿನ ದನಗಾಹಿಗಳಿಗೆ ಅಡವಿಯೇ ಬಹುಕಾಲದಿಂದ ಹುಲ್ಲುಗಾವಲಾಗಿದ್ದಿತು. ಮಲೆಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ದೊಡ್ಡಿ ಕಟ್ಟಿ, ದನಗಳನ್ನು ತಿಂಗಳುಗಟ್ಟಲೆ ಅಲ್ಲಿಯೇ ನಿಲ್ಲಿಸಿ ಮೇಯಿಸುವ ಪದ್ಧತಿ ಹಳೆಯದು. ಆಲಂಬಾಡಿ ತಳಿಯ ದನಗಳು ಇಂತಹ ಸಾಕಣೆಯಲ್ಲಿಯೇ ರೂಪುಗೊಂಡವು. ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆಮಹದೇಶ್ವರ ಬೆಟ್ಟವು 2013ರಲ್ಲಿ ವನ್ಯಧಾಮವಾಯಿತು. 2025ರ ಜೂನ್ ತಿಂಗಳಲ್ಲಿ ಹೂಗ್ಯಂ ವಲಯದಲ್ಲಿ ಒಂದು ಹೆಣ್ಣುಹುಲಿಯೂ ಅದರ ನಾಲ್ಕು ಮರಿಗಳೂ ವಿಷದಿಂದ ಸತ್ತ ತರುವಾಯ, ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಬೇಕೆಂಬ ಸೂಚನೆ ಸರ್ಕಾರದಿಂದ ಹೊರಟಿತು. ಹಾಗಾದರೆ ದನ ಎಲ್ಲಿ ಮೇಯಬೇಕು? ಸ್ವಂತ ಹೊಲದ ಹುಲ್ಲನ್ನೇ ಮಿತವಾಗಿ ಬಳಸುವ ಒಂದು ವಿಧಾನವನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೇಯ್ದ ಹುಲ್ಲು ಮೊದಲು ಬೇರು ಮತ್ತು ಬುಡಗಳಲ್ಲಿ ಕೂಡಿಟ್ಟ ಸತ್ವದಿಂದ ಚಿಗುರುತ್ತದೆ. ಎಲೆಗಳು ಹರಡಿದ ಮೇಲೆಯೇ ಆ ಸತ್ವವು ಮತ್ತೆ ತುಂಬಿಕೊಳ್ಳುತ್ತದೆ. ಅಷ್ಟರೊಳಗೆ ದನ ಪುನಃ ಬಾಯಿ ಹಾಕಿದರೆ ಬೇರು ಕ್ಷೀಣಿಸಿ, ದನ ಮುಟ್ಟದ ಲಂಟಾನದಂತಹ ಗಿಡಗಳಿಗೆ ಎಡೆಯಾಗುತ್ತದೆ. ದನಗಳ ಸಂಖ್ಯೆಗಿಂತಲೂ ಕಾಲವೇ ಇಲ್ಲಿ ಮುಖ್ಯವೆಂಬುದನ್ನು ಫ್ರಾನ್ಸಿನ ಆಂದ್ರೆ ವಾಜ್ಞಾ 1957ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಒಂದು ಲೆಕ್ಕವನ್ನು ನೋಡೋಣ. ಒಂದು ಎಕರೆಯಲ್ಲಿ 800 ಕಿಲೋಗ್ರಾಂ ಒಣತೂಕದ ಹುಲ್ಲಿದೆಯೆಂದೂ, ಅದರಲ್ಲಿ ಅರ್ಧವನ್ನು ಮಾತ್ರ ಮೇಯಿಸುವೆವೆಂದೂ ಇಟ್ಟುಕೊಳ್ಳೋಣ. ದಿನಕ್ಕೆ ತಲಾ 6 ಕಿಲೋಗ್ರಾಂ ತಿನ್ನುವ ಎರಡು ಹಸುಗಳಿಗೆ ಆ 400 ಕಿಲೋಗ್ರಾಂ ಸುಮಾರು 33 ದಿನ ಸಾಕಾಗುತ್ತದೆ. ಎಕರೆಯನ್ನು 11 ಪಟ್ಟಿಗಳಾಗಿ ವಿಂಗಡಿಸಿ ಒಂದೊಂದರಲ್ಲಿ ಮೂರು ದಿನ ಮೇಯಿಸಿದರೆ, ಪ್ರತಿಯೊಂದು ಪಟ್ಟಿಗೂ 30 ದಿನಗಳ ವಿಶ್ರಾಂತಿ ದೊರೆಯುತ್ತದೆ. ಮಳೆಗಾಲದಲ್ಲಿ ಇದು ಸಾಕಾಗಬಹುದು. ಬೇಸಗೆಯಲ್ಲಿ ಖಂಡಿತ ಸಾಲದು. ಆಗ ರಾಗಿಹುಲ್ಲು, ಜೋಳದ ಕಡ್ಡಿಗಳೇ ಆಧಾರ.

ಹನ್ನೊಂದು ಪಟ್ಟಿಗಳಿಗೆ ಕಲ್ಲಿನ ಬೇಲಿ ಕಟ್ಟುವುದು ಸಾಧ್ಯವಿಲ್ಲ. ಹಗುರವಾದ ಗೂಟಗಳನ್ನೂ, ಲೋಹದ ಎಳೆ ಸೇರಿಸಿ ಹೆಣೆದ ಪ್ಲಾಸ್ಟಿಕ್ ದಾರವನ್ನೂ ಒಬ್ಬನೇ ಅಲ್ಪಕಾಲದಲ್ಲಿ ಕಿತ್ತು ಮುಂದಕ್ಕೆ ನೆಡಬಹುದು. ಎನರ್ಜೈಸರ್ ಎಂಬ ಯಂತ್ರವು ಬ್ಯಾಟರಿಯ ವಿದ್ಯುತ್ತನ್ನು ಹಲವು ಸಾವಿರ ವೋಲ್ಟಿನ ಮಿಡಿತಗಳನ್ನಾಗಿ ಮಾರ್ಪಡಿಸಿ, ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ದಾರಕ್ಕೆ ಕಳುಹಿಸುತ್ತದೆ. ಒಂದೊಂದು ಮಿಡಿತವೂ ಅತ್ಯಲ್ಪ ಕಾಲದ್ದಾದುದರಿಂದ ಹಸು ಬೆದರುತ್ತದೆ, ಸಾಯುವುದಿಲ್ಲ. ದಾರದಿಂದ ಹಸುವಿನ ಮೈಗೂ, ಅಲ್ಲಿಂದ ನೆಲದ ಮೂಲಕ ಭೂಸಂಪರ್ಕದ ಸಲಾಕೆಗೂ ಹರಿದು ಮಂಡಲವು ಪೂರ್ಣವಾಗಬೇಕು. ಒಣಗಿದ ಕೆಂಪುನೆಲ ವಿದ್ಯುತ್ತನ್ನು ಸರಿಯಾಗಿ ಒಯ್ಯದು. ಆದುದರಿಂದ ಸಲಾಕೆಯ ಬುಡಕ್ಕೆ ನೀರೆರೆಯತಕ್ಕದ್ದು. ಇಲ್ಲವೇ ಸಲಾಕೆಗೆ ಸೇರಿದ ಎರಡನೆಯ ತಂತಿಯನ್ನು ಜೊತೆಗೆ ಎಳೆಯತಕ್ಕದ್ದು. ಮನೆಯ ಅಥವಾ ಪಂಪ್‌ಸೆಟ್ಟಿನ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಇದಕ್ಕೆ ತೀರ ಭಿನ್ನವಾದದ್ದು. ಅದು ಕಾನೂನಿಗೆ ವಿರುದ್ಧ. ಮನುಷ್ಯರನ್ನೂ ಆನೆಗಳನ್ನೂ ಕೊಂದಿದೆ.

ಪಟ್ಟಿ ಬದಲಿಸುವ ತತ್ತ್ವವು ಈ ಸೀಮೆಗೆ ಪರಕೀಯವಲ್ಲ. 1956ರವರೆಗೆ ಕೊಳ್ಳೇಗಾಲವು ಸೇರಿದ್ದ ಅಂದಿನ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿದ್ದ ಕಾಂಗೇಯಂ ಭಾಗದಲ್ಲಿ, ಕೊರಂಗಾಡು ಎಂಬ ಖಾಸಗಿ ಹುಲ್ಲುಗಾವಲುಗಳನ್ನು ಜೀವಂತ ಮುಳ್ಳುಬೇಲಿಯಿಂದ ವಿಭಾಗಿಸಿ ದನಗಳನ್ನು ಸರದಿಯಂತೆ ಮೇಯಿಸುತ್ತಾರೆ. ಅಲ್ಲಿ ಅಂಜನ ಹುಲ್ಲೂ ಬಿಳಿಜಾಲಿಯೂ ಜೊತೆಯಾಗಿ ಬೆಳೆಯುತ್ತವೆ.

ಈ ಸಾಧನಕ್ಕೆ ಮಿತಿಗಳೂ ಉಂಟು. ಒಂದೆಳೆಯ ದಾರವು ಆನೆಯನ್ನಾಗಲಿ ಚಿರತೆಯನ್ನಾಗಲಿ ತಡೆಯದು. ರಾತ್ರಿ ದನ ಕೊಟ್ಟಿಗೆಯಲ್ಲಿಯೇ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಭೂಮಿಯೇ ಇಲ್ಲದ ದನಗಾಹಿಗೆ ಬೇಲಿಯಿಂದ ಪ್ರಯೋಜನವಿಲ್ಲ. ಗ್ರಾಮದ ಗೋಮಾಳವನ್ನು ಒತ್ತುವರಿಯಿಂದ ಉಳಿಸಿ, ಸರದಿಯ ಕಟ್ಟಳೆಯನ್ನು ಊರವರೇ ಒಪ್ಪಿ ನಡೆಸಿದಲ್ಲಿ ಮಾತ್ರ ಈ ದಾರವು ಅವನಿಗೂ ಕಾಡಿಗೂ ಉಪಕಾರಿಯಾದೀತೆಂದು ನಾವು ಭಾವಿಸುತ್ತೇವೆ.